ಟೀಚರ್ ಬೆಕ್ಕಿನ ಸಕ್ಕರೆ ಕಾಯಿಲೆಗೆ ಬೋರಲಿಂಗನ ಉಪಚಾರ

ಊರಿಗೊಬ್ಬ ಪೆದ್ದ ಅಂತ ದೇವರು ಹಂಚ್ಕೊಂಡು ಬರ್ತಿದ್ದನಂತೆ. ನಮ್ಮೂರು ಬರೋ ಹೊತ್ತಿಗೆ ಸುಸ್ತಾಗಿ, ಸುತ್ತಲಿನ ಹತ್ತು ಹಳ್ಳಿ ಪಾಲನ್ನೂ ಒಂದೇ ಮೂಟೆ ಕಟ್ಟಿ ಗಾಣಿಗರ ಬೀದಿ ನಿಂಗಮ್ಮನ ಮಡಿಲಿಗೆ ಎಸೆದು ಹೋದ. ಆ ಮೂಟೆ ಹೆಸರೇ ಬೋರಲಿಂಗ.

ಬೋರಲಿಂಗನಿಗೆ ಇಪ್ಪತ್ತಾರು ತುಂಬಿತ್ತು. ಮೀಸೆ ಟೈಮಿಗೆ ಸರಿಯಾಗಿ ಬಂತು. ಬುದ್ಧಿ ಇನ್ನೂ ದಾರಿಲಿತ್ತು. ಹಾಗಂತ ಸೋಮಾರಿ ಅಲ್ಲ. ಸೋಮಾರಿ ಆಗಿದ್ರೆ ಊರು ಬದುಕ್ಕೊಳ್ತಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅಕ್ಷರ ಬಿಡದೆ ಮಾಡೋನು. ಆದ್ರೆ ಇವತ್ತು ಹೇಳಿದ್ದನ್ನ ನಾಳೆ ಮಾಡೋನು. ಅದೇ ನೋಡಿ ಕಷ್ಟ.

"ನಿನ್ನ ಹೆರೋ ಬದಲು ಒಂದು ಒರಳುಕಲ್ಲು ಹೆತ್ತಿದ್ರೆ ಚಟ್ನಿಗಾದ್ರೂ ಆಗೋದು ಕಣ್ಲಾ," ಅಂತ ನಿಂಗಮ್ಮ ದಿನಕ್ಕೊಂದು ಸಲ ಅನ್ನೋಳು.

"ಈಗ ತರ್ಲೇನವ್ವಾ?" ಅನ್ನೋನು ಮಗ.

ಅದೇ ಬೀದಿ ಕೊನೇಲಿ ಮಹಡಿ ಮನೆ ಪಂಕಜಾಕ್ಷಿ ಟೀಚರದ್ದು. ರಿಟೈರಾದ ಹೆಡ್ ಮೇಡಂ. ಶಾಲೆ ಬಿಟ್ರೂ ಶಾಲೆ ಕಮಿಟಿ ಬಿಟ್ಟಿರ್ಲಿಲ್ಲ. ಅವರಿಗೊಂದು ಬೆಕ್ಕು. ಕೆಂಚು ಬಣ್ಣ, ಕುಂಬಳಕಾಯಿ ಗಾತ್ರ, ಹೆಸರು ದಿವಾನ. "ದಿವಾನರು ಎದ್ರು, ದಿವಾನರಿಗೆ ಇವತ್ತು ಮನಸ್ಸು ಸರಿಯಿಲ್ಲ" ಅಂತ ಟೀಚರ್ ಹೇಳೋರು. ಹೆತ್ತಜ್ಜಿಗೇ ಹೋಗೇ ಬಾರೇ ಅನ್ನೋ ಬೀದೀಲಿ ಬೆಕ್ಕಿಗೆ ಬಹುವಚನ.

ಇಂಥ ದಿವಾನರಿಗೆ ಸಕ್ಕರೆ ಕಾಯಿಲೆ ಬಂತು. ಬೆಳಿಗ್ಗೆ ಒಂದು, ಸಂಜೆ ಒಂದು ಇನ್ಸುಲಿನ್ ಸೂಜಿ. ಬೀದಿಯೋರು ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಂಡ್ರು. ಟೀಚರ್ ನಗ್ಲಿಲ್ಲ. ಮಗಳ ಮಗುವಿಗೆ ನಾಮಕರಣ, ಎಂಟು ದಿನ ಹರಿಹರಕ್ಕೆ ಹೋಗ್ಬೇಕು, ಸೂಜಿ ಹಾಕೋರು ಯಾರು? ನಿಂಗಮ್ಮನಿಗೂ ಸಕ್ಕರೆ ಕಾಯಿಲೆ, ತನ್ನ ಹೊಟ್ಟೆಗೆ ತಾನೇ ಸೂಜಿ ಚುಚ್ಕೊಳ್ಳೋ ಹೆಂಗಸು. ಅವಳನ್ನೇ ಕರೆದ್ರು.

"ನೋಡು ನಿಂಗಮ್ಮ, ಮೊದಲು ಊಟ, ಆಮೇಲೆ ಸೂಜಿ. ಊಟ ಬಿಟ್ಟು ಸೂಜಿ ಹಾಕಿದ್ರೆ ಜೀವ ಹೋಗುತ್ತೆ. ಸೂಜಿ ತಪ್ಪಿಸಿದ್ರೂ ಕಷ್ಟ. ಬೇಯಿಸಿದ ಮೀನು, ಕೋಳಿ ಬಿಟ್ಟು ಬೇರೇನೂ ಕೊಡಬೇಡ. ದಿವಾನರನ್ನ ನೆಟ್ಟಗೆ ನನ್ನ ಕೈಗೆ ಒಪ್ಪಿಸು. ಶಾಲೇಲಿ ಗಂಟೆ ಹೊಡೆಯೋ ಕೆಲಸ ಖಾಲಿಯಿದೆ. ನಿನ್ನ ಮಗನ್ನ ಸೇರಿಸ್ತೀನಿ."

ನಿಂಗಮ್ಮನಿಗೆ ಅಲ್ಲೇ ಕಣ್ಣು ತುಂಬಿ ಬಂತು. ಗಂಟೆ ಹೊಡೆಯೋ ಕೆಲಸ! ಹೊಡಿ ಅಂದ್ರೆ ಹೊಡೆಯೋದು, ನಿಲ್ಸು ಅಂದ್ರೆ ನಿಲ್ಸೋದು. ಬೋರಲಿಂಗನಿಗೇ ಅಂತ ಅಳತೆ ತಗೊಂಡು ಹೊಲಿದ ಕೆಲಸ. ಇದು ಹೋದ್ರೆ ಇನ್ನೊಂದು ಹುಟ್ಟಲ್ಲ. ಎದುರು ಮನೆ ಗೌರಮ್ಮನ ಅಳಿಯನೂ ಅದೇ ಕೆಲಸದ ಮೇಲೆ ಕಣ್ಣಿಟ್ಟಿದ್ದ. ಅವತ್ತಿನಿಂದ ಗೌರಮ್ಮ ಜಗಲಿ ಬಿಟ್ಟು ಏಳ್ಲಿಲ್ಲ. ಬೆಕ್ಕು ಯಾವತ್ತು ಸಾಯುತ್ತೋ ಅಂತ ಅವರೆಕಾಯಿ ಸುಲೀತಾ ಕೂತಳು.

ಒಂದು ತೊಡಕು. ಟೀಚರ್ ಮನೆಗೆ ಮೆಟ್ಟಿಲು ಬಹಳ. ನಿಂಗಮ್ಮನಿಗೆ ಮಂಡಿ ನೋವು. ಬೆಕ್ಕನ್ನ ಕೆಳಗೆ ತರೋದು, ಮೇಲೆ ಬಿಡೋದು, ಬೇಕಾದ್ದು ತಂದ್ಕೊಡೋದು ಎಲ್ಲಾ ಬೋರಲಿಂಗನ ಪಾಲು. ಅಲ್ಲಿಗೆ ದಿವಾನರ ಗ್ರಹಚಾರ ಶುರು.

ಮೊದಲನೇ ದಿನ ಮೆಡಿಕಲ್ ಶಾಪಿಂದ ಹೊಸ ಇನ್ಸುಲಿನ್ ಬಾಟ್ಲಿ ತರೋಕೆ ಕಳಿಸಿದ್ಲು. "ಕೆಳಗೆ ಬೀಳಿಸ್ಬೇಡ, ಮುಷ್ಟಿಲಿ ಗಟ್ಟಿ ಹಿಡ್ಕೋ."

ಹಿಡ್ಕೊಂಡ. ದಾರೀಲಿ ಬೋಂಡ ಕರೀತಿದ್ರು. ಬಾಣಲೆ ಪಕ್ಕ ನಿಂತು ಒಂದು ಗಂಟೆ ಬೋಂಡ ಊದಿಕೊಳ್ಳೋದು ನೋಡ್ದ. ಮುಷ್ಟಿ ಮಾತ್ರ ಬಿಡ್ಲಿಲ್ಲ. ಮನೆಗೆ ಬಂದಾಗ ಬಾಟ್ಲಿ ಕಾಫಿ ಲೋಟದ ಹಾಗೆ ಬಿಸಿ.

"ಅಯ್ಯೋ ನಿನ್ನ. ಔಷಧಿ ಕಾದ್ರೆ ಕೆಟ್ಟೋಯ್ತದೆ ಕಣ್ಲಾ, ಈಗ ಇನ್ನೊಂದು ಬಾಟ್ಲಿಗೆ ನಾನೇ ದುಡ್ಡು ಸುರೀಬೇಕು. ಒದ್ದೆ ಬಟ್ಟೆ ಸುತ್ತಬೇಕು, ಐಸ್ ಹಾಕಿದ ಡಬ್ಬದೊಳಗೆ ಇಡ್ಬೇಕು, ಮುಚ್ಚಳ ಬಿಗಿಯಾಗಿ ಹಾಕಿ ತರ್ಬೇಕು. ತಿಳೀತಾ?"

"ತಿಳೀತವ್ವಾ."

ತಿಳಿದದ್ದು ಗೊತ್ತಾಗಿದ್ದು ಎರಡನೇ ದಿನ. "ಹೋಗಿ ಬೆಕ್ಕು ತಗೊಂಡ್ಬಾ, ಸೂಜಿ ಹೊತ್ತಾಯ್ತು" ಅಂದ್ಲು. ಬೋರಲಿಂಗ ಮೊದಲು ಕಬ್ಬಿನ ಹಾಲಿನ ಅಂಗಡಿಗೆ ಹೋಗಿ ಐಸ್ ತಂದ. ಆಮೇಲೆ ಟೀಚರ್ ಮನೆ ಅಕ್ಕಿ ಡಬ್ಬ ಖಾಲಿ ಮಾಡ್ದ. ಆಮೇಲೆ ಒದ್ದೆ ಪಂಚೆ ಹಿಂಡ್ದ. ದಿವಾನರನ್ನ ಹೇಗೆ ಸುತ್ತಿದನೋ ಅವನ ಮೂಗು, ಗಲ್ಲ, ಎರಡೂ ಕಿವಿ ನೋಡಿದ್ರೆ ಯಾರು ಬೇಕಾದ್ರೂ ಹೇಳ್ಬಹುದು. ಡಬ್ಬ ತಲೆ ಮೇಲೆ ಹೊತ್ಕೊಂಡು ಬಂದ. ಒಳಗಿಂದ ಯಾರೋ ಮುದುಕ ಬೈತಿದ್ದ ಹಾಗೆ ಸದ್ದು.

ನಿಂಗಮ್ಮ ಮುಚ್ಚಳ ತೆಗೆದ್ಲು. ನೆನೆದ ಪೊರಕೆ ಹಾಗೆ ನಡುಗ್ತಾ ದಿವಾನರು ಎದ್ದು ಕೂತ್ರು.

"ಏನೋ ಇದು?"

"ಕೆಟ್ಟೋಗಿಲ್ಲ ನೋಡವ್ವ. ತಣ್ಣಗಿದೆ."

"ನಿನ್ನ ತಲೆ ತಣ್ಣಗಾಗ. ಜೀವ ಇರೋದನ್ನ ಎದೆಗೆ ಒತ್ಕೊಂಡು, ಅಂಗಿ ಒಳಗೆ ಬೆಚ್ಚಗೆ ಇಟ್ಕೊಂಡು, ಬೆನ್ನು ಸವರಿ, ರಾಜ, ಬಂಗಾರ ಅಂತ ಮಾತಾಡಿಸ್ಕೊಂಡು ತರ್ಬೇಕು. ತಿಳೀತಾ?"

"ತಿಳೀತವ್ವಾ."

ಎದುರು ಜಗಲೀಲಿ ಗೌರಮ್ಮ, "ಬೆಕ್ಕಿಗೆ ಸ್ನಾನ ಆಯ್ತಾ ನಿಂಗಮ್ಮಕ್ಕ?" ಅಂದ್ಲು. ಅಷ್ಟೊತ್ತಿಗೆ ಟೀಚರ್ ಫೋನೂ ಬಂತು. ನಿಂಗಮ್ಮ ಒಲೆ ಮುಂದೆ ಬೆಕ್ಕನ್ನ ಒರೆಸ್ತಾ, "ಬಾಳ ಚೆನ್ನಾಗವ್ರೆ ಟೀಚರಮ್ಮ, ಬೆಂಕಿ ಕಾಯಿಸ್ಕೊತಾವ್ರೆ" ಅಂದ್ಲು.

ಮೂರನೇ ದಿನ ಕೆರೆ ಮೀನು ತರೋಕೆ ಸಂತೆಗೆ ಕಳಿಸಿದ್ಲು. ಮುಂದಿಂದು ನೀವೇ ಊಹಿಸ್ಕೊಳ್ಳಿ. ಎರಡು ಮೀನು ಇನ್ನೂ ಬಾಯಿ ಬಿಡ್ತಿದ್ವು. ಜೀವ ಇದೆ ಅಂದ್ಮೇಲೆ ಅಂಗಿ ಒಳಗೆ. ಸಂತೆ ತುಂಬಾ ಎದೆ ಸವರ್ಕೊಂಡು, "ಸುಮ್ನಿರು ರಾಜ, ಮನೆ ಬಂತು ಬಂಗಾರ" ಅಂತ ಬರ್ತಾವ್ನೆ, ಹಿಂದೆ ಊರ ನಾಯಿಗಳೆಲ್ಲಾ ದಿಬ್ಬಣ ಹೊರಟವೆ. ಮನೆ ತಲುಪೋ ಹೊತ್ತಿಗೆ ಅಂಗಿ ಇರ್ಲಿಲ್ಲ. ಒಂದು ಮೀನು ಹೇಗೋ ಉಳೀತು.

"ಮೀನಿಗೆ ಮುದ್ದು ಮಾಡ್ತಾರೇನ್ಲಾ? ತಲೆ ಬಾಲ ಕತ್ತರಿಸಿ, ಮೂರು ನೀರಲ್ಲಿ ತೊಳೆದು, ಅರಿಶಿನ ಹಾಕಿ ಚೆನ್ನಾಗಿ ಬೇಯಿಸ್ಬೇಕು. ಉಪ್ಪು ಹಾಕ್ಬೇಡ, ಬೆಕ್ಕಿಗೆ ಆಗಲ್ಲ. ತಿಳೀತಾ?"

ತಿಳೀತು. ನಾಲ್ಕನೇ ದಿನ ಬೆಳಿಗ್ಗೆ "ಸಿರಿಂಜ್ ರೆಡಿ ಮಾಡಿಡೋ" ಅಂತ ಹೇಳಿ ನಿಂಗಮ್ಮ ನೀರು ಹಿಡಿಯೋಕೆ ಹೋದ್ಲು. ಬರೋ ಹೊತ್ತಿಗೆ ಒಲೆ ಮೇಲೆ ಪಾತ್ರೆ ಕೊತ ಕೊತ ಅಂತಿತ್ತು. ಹೊಸ ಸಿರಿಂಜು ಹತ್ತು ಇದ್ವು. ಹತ್ತಕ್ಕೂ ಸೂಜಿ ಕಡೆಯ ತಲೆ ಕತ್ತರಿಸಿದ್ದ, ಒತ್ತೋ ಕಡೆಯ ಬಾಲ ಕತ್ತರಿಸಿದ್ದ, ಮೂರು ನೀರಲ್ಲಿ ತೊಳೆದಿದ್ದ. ಅರಿಶಿನದ ನೀರಲ್ಲಿ ಪ್ಲಾಸ್ಟಿಕ್ಕು ನುಗ್ಗೆಕಾಯಿ ಹಾಗೆ ಸೊಟ್ಟಗೆ ಬೆಂದಿತ್ತು.

"ಉಪ್ಪು ಹಾಕಿಲ್ಲವ್ವ. ಬೆಕ್ಕಿಗೆ ಆಗಲ್ಲ ಅಂದಿದ್ದೆಯಲ್ಲ," ಅಂದ.

ನಿಂಗಮ್ಮ ತಲೆ ಚಚ್ಕೊಂಡು, ತನ್ನ ಮಂಡಿ ತಾನೇ ಎಳ್ಕೊಂಡು ಮೆಡಿಕಲ್ ಶಾಪಿಗೆ ಹೋಗಿ ಬೇರೆ ತಂದ್ಲು. ಸೂಜಿ ಒಂದು ಗಂಟೆ ತಡ ಆಯ್ತು. ದಿವಾನರು ಮುನಿಸ್ಕೊಂಡು ಗೋಡೆ ಕಡೆ ತಿರುಗಿ ಕೂತ್ರು.

"ಕೇಳ್ಲಾ ಕತ್ತೆ. ಸಿರಿಂಜ್ ಬೇಯಿಸೋ ಹಾಗಿಲ್ಲ. ಒಂದೇ ಸಲ ಬಳಸ್ಬೇಕು. ಬಳಸಿ ಆದ ತಕ್ಷಣ ಡಬ್ಬಕ್ಕೆ ಹಾಕಿ ಕಸದ ಗಾಡಿಗೆ ಕೊಟ್ಬಿಡ್ಬೇಕು. ಇನ್ನೊಂದು ಸಲ ಮುಟ್ಬಾರ್ದು. ತಿಳೀತಾ?"

"ತಿಳೀತವ್ವಾ."

ಐದನೇ ದಿನ ಬೆಳಿಗ್ಗೆ ಎಲ್ಲಾ ಸಲೀಸು. ಬೆಕ್ಕು ತಂದ, ಎದೆಗೆ ಒತ್ಕೊಂಡೇ ತಂದ. ಮೀನು ತಿಂತು, ಸೂಜಿ ಹಾಕಿಸ್ಕೊಂತು, ಮೇಲಕ್ಕೆ ಬಿಟ್ಟು ಬೀಗ ಒತ್ತಿ ಬಂದ. ನಿಂಗಮ್ಮ ಮಧ್ಯಾಹ್ನ ದೇವರಿಗೆ ಒಂದು ದೀಪ ಹಚ್ಚಿದ್ಲು. ಪಾಪ, ಎಣ್ಣೆ ದಂಡ.

ಸಂಜೆ ಸೂಜಿ ಹೊತ್ತಿಗೆ, "ಬೀಗದ ಕೈ ತಗೊಂಡು ಹೋಗಿ ಬೆಕ್ಕು ತಾ" ಅಂದ್ಲು.

"ಬೀಗದ ಕೈ ಎಲ್ಲಿ? ಬಳಸಿ ಆಯ್ತಲ್ಲ. ಡಬ್ಬಕ್ಕೆ ಹಾಕಿ ಕಸದ ಗಾಡಿಗೆ ಕೊಟ್ಟೆ. ಹಾಡು ಹಾಡ್ಕೊಂಡು ಹೊರಟೋಯ್ತು."

ನಿಂಗಮ್ಮ ಅಳ್ಲಿಲ್ಲ. ಅಳೋಕೆ ಟೈಮ್ ಇರ್ಲಿಲ್ಲ. ಒಂದೊಂದೇ ಮೆಟ್ಟಿಲು ಕೂತು ಎದ್ದು ಹತ್ತಿದ್ಲು. ಒಳಗೆ ದಿವಾನರು ಬಾಗಿಲು ಕೆರೀತಾವ್ರೆ, ಹೊರಗೆ ಇವಳು ಬಾಗಿಲು ತಟ್ತಾವ್ಳೆ. ಕೊನೆಗೆ ಬಡಗಿ ಕರೆಸಿ ಚಿಲಕ ಕಿತ್ತಿಸಿದ್ಲು.

"ಏನು ನಿಂಗಮ್ಮಕ್ಕ, ಟೀಚರ್ ಊರಲ್ಲಿಲ್ಲ ಅಂತ ಬಾಗಿಲು ಒಡೆಸ್ತಿದೀಯ?" ಅಂತ ಕೆಳಗಿಂದ ಗೌರಮ್ಮ.

"ಗೆದ್ದಲು ಹಿಡಿದಿತ್ತು ಕಣಮ್ಮ, ರಿಪೇರಿ ಮಾಡಿಸ್ತಿದೀನಿ," ಅಂತ ಮೇಲಿಂದ ನಿಂಗಮ್ಮ.

ಬೆಕ್ಕನ್ನ ತನ್ನ ಸೆರಗಲ್ಲೇ ಕಟ್ಕೊಂಡು ಇಳಿದ್ಲು. "ಇನ್ನು ಮೇಲೆ ಇದು ನಮ್ಮನೇಲೇ ಇರ್ಲಿ. ನೀನು ಏನೂ ತರ್ಬೇಡ, ಎಲ್ಲಿಗೂ ಹೋಗ್ಬೇಡ. ಮನೆಗೆ ಬಂದೋರನ್ನ ನಾವು ಹೆಂಗೆ ನೋಡ್ಕೋತೀವೋ ಹಂಗೆ ನೋಡ್ಕೋ, ಸಾಕು. ತಿಳೀತಾ?"

"ಅದು ನಂಗೆ ಚೆನ್ನಾಗಿ ಗೊತ್ತವ್ವ," ಅಂದ ಬೋರಲಿಂಗ. ಗೊತ್ತಿತ್ತು ಕೂಡ. ಆ ಮನೇಲಿ ಹೊಸ್ತಿಲು ದಾಟಿ ಯಾರೇ ಒಳಗೆ ಬರ್ಲಿ, ನೆಂಟರಾಗ್ಲಿ, ಕರೆಂಟ್ ಮೀಟರ್ ನೋಡೋನಾಗ್ಲಿ, ಮೊದಲು ಬೆಲ್ಲ, ಆಮೇಲೆ ನೀರು, ಆಮೇಲೆ ಮಾತು. ನಿಂಗಮ್ಮನ ಅತ್ತೆ ಕಾಲದಿಂದ ತಪ್ಪಿದ್ದಿಲ್ಲ.

ಆರನೇ ದಿನ ದಿವಾನರು ಹಿತ್ತಲಿಗೆ ಹೋಗಿ ಹೊಸ್ತಿಲು ದಾಟಿ ಒಳಗೆ ಬಂದ್ರು. ಬೋರಲಿಂಗ ಚಾಪೆ ಹಾಸ್ದ. ಬೆಲ್ಲ ಕೊಟ್ಟ. ದಿವಾನರು ಮೂಸಿ ಮುಖ ತಿರುಗಿಸಿದ್ರು. "ಸಂಕೋಚ ಪಡ್ತಾವ್ರೆ" ಅಂದ್ಕೊಂಡು ಬೆಲ್ಲ ಕದಡಿ, ಕೂಸಿಗೆ ಹಾಲು ಹಾಕೋ ಒಳಲೆ ಹುಡುಕಿ, ಬಾಯಿ ಬಿಡಿಸಿ ಹುಯ್ದ. ಸಕ್ಕರೆ ಕಾಯಿಲೆ ಬೆಕ್ಕಿಗೆ ಬೆಲ್ಲದ ನೀರು ಬಿದ್ರೆ ಏನಾಗುತ್ತೆ? ಉಚ್ಚೆಗೆ ಓಡುತ್ತೆ. ಹಿತ್ತಲಿಗೆ ಓಡಿದ್ರು. ವಾಪಸ್ ಬಂದ್ರು. ಹೊಸ್ತಿಲು ದಾಟಿದ್ರಲ್ಲ? ಮತ್ತೆ ಚಾಪೆ, ಮತ್ತೆ ಒಳಲೆ. ಮತ್ತೆ ಓಡಿದ್ರು, ಮತ್ತೆ ಬಂದ್ರು. ಇನ್ನೊಂದು ಒಳಲೆ. ನಿಂಗಮ್ಮ ಮಲಗಿದ್ದೋಳು ಎದ್ದು ನೋಡೋ ಹೊತ್ತಿಗೆ ದಿವಾನರು ಹೊಸ್ತಿಲ ಆಚೆ ನಿಂತು, ಒಳಗೆ ಬರೋಕೆ ಹೆದರಿ ನಡುಗ್ತಿದ್ರು.

"ಹನ್ನೊಂದು ಸಲ ಬಂದ್ರವ್ವ, ಒಂದ್ಸಲಾನೂ ಬರಿಗೈಲಿ ಕಳಿಸ್ಲಿಲ್ಲ," ಅಂದ ಮಗ.

ನಿಂಗಮ್ಮ ಪೊರಕೆ ತಗೊಂಡ್ಲು. ಎರಡು ಏಟಾದ್ಮೇಲೆ ಬುದ್ಧಿ ಹೇಳಿದ್ಲು. "ಸಕ್ಕರೆ ಕಾಯಿಲೆಗೆ ಸಿಹಿ ಅಂದ್ರೆ ವಿಷ ಕಣ್ಲಾ ಪಾಪಿ. ಈ ಮನೇಲಿ ಸಿಹಿ ಅನ್ನೋದು ಎಲ್ಲೇ ಕಾಣ್ಲಿ, ಯಾರ ಕೈಲೇ ಇರ್ಲಿ, ಕಿತ್ಕೊಂಡು ಮೋರಿಗೆ ಎಸಿ. ನನ್ನ ಕೇಳ್ಬೇಡ."

"ಕೇಳಲ್ಲವ್ವ."

ಏಳನೇ ದಿನ. ನಾಳೆ ಟೀಚರ್ ಬರ್ತಾರೆ. ಬೆಳಿಗ್ಗೆ ದಿವಾನರು ಮೀನು ತಿಂದ್ರು, ನಿಂಗಮ್ಮ ಸೂಜಿ ಹಾಕಿದ್ಲು. ಸ್ವಲ್ಪ ಹೊತ್ತಿಗೆ ತಿಂದದ್ದೆಲ್ಲಾ ಕಕ್ಕಿಬಿಟ್ರು. ಹೊಟ್ಟೇಲಿ ಊಟ ಇಲ್ಲ, ಮೈಯಲ್ಲಿ ಇನ್ಸುಲಿನ್ ಇದೆ. ನೆನಪಿದೆಯಲ್ಲ ಟೀಚರ್ ಹೇಳಿದ್ದು? ಮೊದಲು ತೂರಾಡಿದ್ರು, ಆಮೇಲೆ ಹಿಂಗಾಲು ಎಳೆದ್ರು, ಆಮೇಲೆ ಒದ್ದೆ ಗೋಣಿ ಹಾಗೆ ಮಲಗಿಬಿಟ್ರು. ಕಣ್ಣು ಅರ್ಧ ಮುಚ್ಚಿತ್ತು.

ನಿಂಗಮ್ಮ ದನದ ಡಾಕ್ಟರಿಗೆ ಫೋನ್ ಹಚ್ಚಿದ್ಲು. "ಸಕ್ಕರೆ ಪೂರಾ ಇಳಿದಿದೆಯಮ್ಮ. ಬೆಲ್ಲನೋ ಜೇನೋ ಒಸಡಿಗೆ ತಿಕ್ಕು, ಈಗಲೇ. ತಡ ಮಾಡಿದ್ರೆ ಉಳಿಯಲ್ಲ. ನಾನು ಹೊರಟೆ," ಅಂದ್ರು ಡಾಕ್ಟ್ರು.

"ಬೋರಾ, ಬೆಲ್ಲ ತಾರೋ."

"ಬೆಲ್ಲ ಮೋರೀಲಿದೆ."

"ಸಕ್ಕರೆ ತಾರೋ."

"ಅದೂ ಮೋರೀಲಿದೆ. ಗಸಗಸೆ ಪಾಯಸಕ್ಕೆ ಅಂತ ಇಟ್ಟಿದ್ದೆಯಲ್ಲ ಕಲ್ಲುಸಕ್ಕರೆ, ಅದೂನೂ. ನಾನು ಕೇಳ್ಲಿಲ್ಲ ನೋಡು."

ನಿಂಗಮ್ಮ ಬಾಗಿಲಿಗೆ ಬಂದು ಬೀದಿಗೆ ಕೇಳೋ ಹಾಗೆ ಕಿರುಚಿದ್ಲು. ಬೆಕ್ಕು ಸಾಯೋದನ್ನೇ ಏಳು ದಿನದಿಂದ ಕಾಯ್ತಿದ್ದ ಗೌರಮ್ಮ, ನಿಜವಾಗಿ ಸಾಯೋ ಹೊತ್ತಿಗೆ ಹೆದರ್ಕೊಂಡು ಜೇನಿನ ಬಾಟ್ಲಿ ಎತ್ಕೊಂಡು ಓಡಿ ಬಂದ್ಲು. ಹೊಸ್ತಿಲಲ್ಲಿ ಬೋರಲಿಂಗ ನಿಂತಿದ್ದ. ಸಿಹಿ. ಯಾರ ಕೈಲೇ ಇರ್ಲಿ. ಕಿತ್ಕೊಂಡ. ಬಾಟ್ಲಿ ಮೋರಿ ಕಲ್ಲಿಗೆ ಬಡಿದು ಚೂರಾಯ್ತು.

"ಅಯ್ಯೋ ಇವನ ಮನೆ ಹಾಳಾಗ. ಕೊಡಗಿನ ಜೇನು ಕಣೋ," ಅಂತ ಗೌರಮ್ಮ ಅಲ್ಲೇ ಕುಸಿದ್ಲು.

ದಿವಾನರ ಹೊಟ್ಟೆ ಏರೋದು ಇಳಿಯೋದು ಕಣ್ಣಿಗೆ ಕಾಣದಷ್ಟು ಕಮ್ಮಿಯಾಗಿತ್ತು. ನಿಂಗಮ್ಮನಿಗೆ ಗೊತ್ತಾಯ್ತು, ಈ ಮನೇಲಿ ಬೆಕ್ಕು ಉಳೀಬೇಕಾದ್ರೆ ಮಗ ಹೊರಗಿರ್ಬೇಕು. ದನಿ ಇಳಿಸಿ, ಮುದ್ದಾಗಿ, "ಬೋರಾ, ಟೀಚರ್ ಮನೆಗೆ ಎಷ್ಟು ಮೆಟ್ಟಿಲವೆ ಎಣಿಸ್ಕೊಂಡು ಬಾ ಹೋಗು ಮಗ" ಅಂದ್ಲು. ಹೋದ. ಗೌರಮ್ಮ ಎದ್ದು ಓಡಿ ಬೆಲ್ಲದ ಅಚ್ಚು ತಂದ್ಲು. ನಿಂಗಮ್ಮ ಬೆರಳಲ್ಲಿ ಅರೆದು ಒಸಡಿಗೆ ತಿಕ್ಕಿದ್ಲು. ತಿಕ್ಕಿದ್ಲು, ಕರೆದ್ಲು, ತಿಕ್ಕಿದ್ಲು, ಕರೆದ್ಲು. "ಏಳಪ್ಪ ದಿವಾನ. ಏಳೋ. ನನ್ನ ಮಗನ ಅನ್ನ ನಿನ್ನ ಬಾಯಲ್ಲಿದೆ, ಏಳೋ."

ಕಿವಿ ಒಂದು ಅಲುಗಿತು. ನಾಲಿಗೆ ಬಂತು. ಡಾಕ್ಟ್ರು ಬರೋ ಹೊತ್ತಿಗೆ ದಿವಾನರು ಕೂತು, ಎಲ್ಲರನ್ನೂ ಅಸಹ್ಯವಾಗಿ ನೋಡ್ತಿದ್ರು.

"ಇಪ್ಪತ್ತೆರಡವ್ವ," ಅಂತ ಬಂದ ಬೋರಲಿಂಗ.

ನಿಂಗಮ್ಮ ಮಗನ ಜೇಬಿಗೆ ಒಂದು ಬೆಲ್ಲದ ಅಚ್ಚು ಹಾಕಿ ನಿಧಾನಕ್ಕೆ ಹೇಳಿದ್ಲು. "ಕೇಳು. ಕಣ್ಣು ಮುಚ್ಚಿ, ಕೈಕಾಲು ಬಿಟ್ಟು ಬಿದ್ದಿದ್ರೆ, ಮೂರು ಸಲ ಕೂಗಿದ್ರೂ ಓಗೊಡದಿದ್ರೆ, ನನ್ನ ಹುಡುಕ್ತಾ ಕೂರ್ಬೇಡ. ಕತ್ತಿನ ಹಿಂದಿನ ಚರ್ಮ ಹಿಡಿ, ಬಾಯಿ ಬಿಡ್ಸು, ಒಸಡಿಗೆ ಬೆಲ್ಲ ತಿಕ್ಕು. ಒದ್ದಾಡಿದ್ರೂ ಬಿಡ್ಬೇಡ. ತಿಳೀತಾ?"

"ತಿಳೀತವ್ವಾ."

ಎಂಟನೇ ದಿನ ಬೆಳಿಗ್ಗೆ ಬಸ್ಸಿಗೆ ಟೀಚರ್ ಬಂದ್ರು. ನೆಟ್ಟಗೆ ನಿಂಗಮ್ಮನ ಮನೆಗೇ ಬಂದ್ರು. ದಿವಾನರನ್ನ ಎತ್ತಿ ತೂಗಿದ್ರು, ಕಿವಿ ನೋಡಿದ್ರು, ಹೊಟ್ಟೆ ಒತ್ತಿದ್ರು. ದಿವಾನರು ಅವರ ಕಂಕುಳಿಗೆ ತಲೆ ತೂರಿಸಿ, ಏನೂ ಹೇಳ್ಲಿಲ್ಲ. ಬಾಯಿ ಬಂದಿದ್ರೆ ಹೇಳ್ತಿದ್ರು.

"ಮೈ ಕೈ ತುಂಬ್ಕೊಂಡಿದ್ದಾರೆ ನಿಂಗಮ್ಮ. ಮಾತು ಉಳಿಸಿಕೊಂಡೆ. ಸೋಮವಾರದಿಂದ ನಿನ್ನ ಮಗನ್ನ ಗಂಟೆಗೆ ಕಳಿಸು."

ನಿಂಗಮ್ಮ ಸೆರಗಲ್ಲೇ ಕುರ್ಚಿ ಒರೆಸಿದ್ಲು. "ಒಂದು ಗಳಿಗೆ ಕೂತಿರಿ ಟೀಚರಮ್ಮ, ಕಾಫಿ ತತ್ತೀನಿ" ಅಂತ ಒಳಗೆ ಹೋದ್ಲು. ಟೀಚರ್ ಜಗಲಿ ಮೇಲಿನ ಆರಾಮ ಕುರ್ಚೀಲಿ ಒರಗಿದ್ರು. ರಾತ್ರಿಯೆಲ್ಲಾ ಬಸ್ಸು ಕುಲುಕಿತ್ತು. ಕಣ್ಣು ಮುಚ್ಚಿತು, ಕೈ ಜೋತು ಬಿತ್ತು, ಬಾಯಿ ತೆರ್ಕೊಂಡಿತು.

ಬೋರಲಿಂಗ ನೋಡ್ದ. ಕಣ್ಣು ಮುಚ್ಚಿದೆ. ಕೈಕಾಲು ಬಿಟ್ಟಿದೆ. ಕೂಗಿದ. "ಟೀಚರ್." ಇಲ್ಲ. "ಟೀಚರ್." ಇಲ್ಲ. "ಟೀಚರ್." ಗೊರ್ ಅಂತೊಂದು ಸದ್ದು ಬಂತು, ಅಷ್ಟೇ. ಜೇಬಿಂದ ಬೆಲ್ಲ ತೆಗೆದ, ಬೆರಳು ಒಳಗೆ ತೂರಿಸಿ ಮೇಲಿನ ಒಸಡಿಗೆ ಗಸಗಸ ತಿಕ್ಕಿದ. ಟೀಚರದ್ದು ಮೇಲಿನ ಸಾಲು ಪೂರಾ ಕಟ್ಟಿಸಿದ ಹಲ್ಲು ಅಂತ ಇಡೀ ಊರಿಗೆ ಗೊತ್ತಿತ್ತು, ಇವನೊಬ್ಬನನ್ನ ಬಿಟ್ಟು. ಲಟಕ್ ಅಂತ ಸೆಟ್ಟು ಕೈಗೆ ಬಂತು.

ಅಡುಗೆಮನೆಗೆ ಓಡಿದ. "ಅವ್ವಾ, ಟೀಚರ್ ಉಳ್ಕೊಂಡ್ರು. ಒಸಡು ಮಾತ್ರ ಕಿತ್ತು ಬಂತು."

ಮಗನ ಅಂಗೈಲಿ ಬೆಲ್ಲ ಮೆತ್ತಿಕೊಂಡು ನಗ್ತಿದ್ದ ಹಲ್ಲು ನೋಡಿ ನಿಂಗಮ್ಮನ ಕೈಯಿಂದ ಕಾಫಿ ಜಾರಿತು. "ಅಯ್ಯೋ ಎಲ್ಲಿಂದ ಕಿತ್ತೆಯೋ ಅಲ್ಲೇ ಇಟ್ಟು ಬಾರೋ, ಓಡು."

ಓಡಿದ. ಟೀಚರ್ ಎದ್ದು ನಿಂತಿದ್ರು. ಎದುರು ಜಗಲೀಲಿ ಗೌರಮ್ಮ ಅವರೆಕಾಯಿ ಬಿಟ್ಟು ನೋಡ್ತಾವ್ಳೆ. ಮೂವತ್ತು ವರ್ಷ ಮಕ್ಕಳನ್ನ ನಡುಗಿಸಿದ ಹೆಡ್ ಮೇಡಂ, ಹಲ್ಲಿಲ್ಲದ ಬಾಯಿ ಬೀದಿಗೆ ಕಾಣಬಾರದು ಅಂತ ತುಟಿ ಬಿಗಿಯಾಗಿ ಮುಚ್ಚಿ, ಉರಿಗಣ್ಣು ಬಿಟ್ಟು, ಕೈ ಮಾತ್ರ ಚಾಚಿದ್ರು.

"ಬಾಯಿ ಬಿಡಿ ಟೀಚರ್," ಅಂದ ಬೋರಲಿಂಗ. ಓಗೊಡ್ಲಿಲ್ಲ. "ಟೀಚರ್." ಓಗೊಡ್ಲಿಲ್ಲ. "ಟೀಚರ್."

ಮೂರಾಯ್ತು. ಮಿಕ್ಕಿದ್ದ ಬೆಲ್ಲನ ಹಲ್ಲಿನ ಸೆಟ್ಟಿನ ಜೊತೆ ಒಂದೇ ಕೈಲಿ ಹಿಡ್ಕೊಂಡ. ಇನ್ನೊಂದು ಕೈಲಿ ಟೀಚರ್ ತುರುಬಿನ ಕೆಳಗೆ, ಕತ್ತಿನ ಹಿಂದಿನ ಚರ್ಮ ಗಟ್ಟಿಯಾಗಿ ಹಿಡಿದ. ಒದ್ದಾಡಿದ್ರು. ಬಿಡ್ಲಿಲ್ಲ.

ಸೋಮವಾರ ಹತ್ತು ಗಂಟೆಗೆ ಶಾಲೆ ಗಂಟೆ ಢಣ್ ಅಂತು. ಹೊಡೆದೋನು ಗೌರಮ್ಮನ ಅಳಿಯ. ಗಂಜಿ ಕುಡೀತಿದ್ದ ಬೋರಲಿಂಗ ತಲೆ ಎತ್ತಿ ಅವ್ವನ ಮುಖ ನೋಡ್ದ. "ಅವ್ವಾ, ನಾನು ಇಲ್ಲಿ ಕೂತಿದೀನಿ. ಅಲ್ಲಿ ಯಾರವ್ವ ಗಂಟೆ ಹೊಡೀತಿರೋದು?"